ತಕ್ಕಡಿ ಹಿಡಿದವರು ಯಾರು?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನಿವೃತ್ತ ಕನ್ನಡ ಉಪನ್ಯಾಸಕಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಬೆಳಗಿನ ಅಡುಗೆ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ, ಮಧ್ಯಾಹ್ನದ ಊಟ ಮುಚ್ಚಿಟ್ಟು ನೀವೆಲ್ಲ ಇಲ್ಲಿಗೆ ಬಂದಿದ್ದೀರಿ. ಸಂಜೆ ಮನೆಗೆ ಹೋದರೆ ಪಾತ್ರೆ, ನೀರು, ರಾತ್ರಿಯ ಅಡುಗೆ ಕಾದಿರುತ್ತವೆ. ನಿಮ್ಮ ಹೊತ್ತಿನ ಬೆಲೆ ನನಗೆ ಗೊತ್ತು. ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇನೆ.

'ಉದ್ಯೋಗ ಮತ್ತು ಸಂಸಾರ: ಎರಡನ್ನೂ ಸರಿದೂಗಿಸುವುದು ಹೇಗೆ?' ಇದು ಸಂಘಟಕರು ನನಗೆ ಕೊಟ್ಟ ವಿಷಯ. 1983ರಲ್ಲಿ ಕೆಲಸಕ್ಕೆ ಸೇರಿ, ಮೂವತ್ತೈದು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ, ಎರಡು ಮಕ್ಕಳನ್ನು ಬೆಳೆಸಿ ನಿವೃತ್ತಳಾದವಳಲ್ಲವೇ, ಈಕೆಗೆ ಏನೋ ಒಂದು ಗುಟ್ಟು ಗೊತ್ತಿರಬೇಕು ಎಂದು ಅವರು ಭಾವಿಸಿರಬೇಕು. ಗುಟ್ಟು ಏನೂ ಇಲ್ಲ ತಾಯಂದಿರೇ. ಬೆಳಿಗ್ಗೆ ನಾಲ್ಕೂವರೆಗೆ ಏಳುವುದೇ ಗುಟ್ಟಾಗಿದ್ದರೆ ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿರುವುದು ಬೇರೆಯೇ ಪ್ರಶ್ನೆ. ಕಾಲೇಜಿನಲ್ಲಿ ನಾನು ಎಷ್ಟೋ ಬೀಳ್ಕೊಡುಗೆ ಸಮಾರಂಭಗಳನ್ನು ನೋಡಿದ್ದೇನೆ. ಗಂಡಸರು ನಿವೃತ್ತರಾದಾಗ ಅವರ ಪಾಂಡಿತ್ಯ, ಶಿಸ್ತು, ಆಡಳಿತದ ಅನುಭವ ಇವುಗಳ ಬಗ್ಗೆ ಭಾಷಣ. ಹೆಂಗಸರು ನಿವೃತ್ತರಾದಾಗ 'ಮನೆ, ಕಾಲೇಜು ಎರಡನ್ನೂ ಸರಿದೂಗಿಸಿಕೊಂಡು ಹೋದರು' ಎಂಬ ಒಂದೇ ಹೊಗಳಿಕೆ. ಆ ಗಂಡಸರಿಗೂ ಮನೆ ಇತ್ತು, ಮಕ್ಕಳಿದ್ದರು, ಹಾಸಿಗೆ ಹಿಡಿದ ತಾಯಿ ಇದ್ದರು. ಆದರೂ ಒಬ್ಬ ಗಂಡಸನ್ನಾದರೂ 'ನೀವು ಸಂಸಾರವನ್ನು ಹೇಗೆ ಸರಿದೂಗಿಸಿದಿರಿ' ಎಂದು ಯಾರೂ ಕೇಳಲಿಲ್ಲ. ನನ್ನ ಮೊದಲ ಸಂದರ್ಶನದಲ್ಲಂತೂ ಒಂದು ಆಡಳಿತ ಮಂಡಳಿಯವರು ಪಂಪ, ರನ್ನರ ಬಗ್ಗೆ ಎರಡು ಪ್ರಶ್ನೆ ಕೇಳಿ, ಮದುವೆ ಯಾವಾಗ, ಮದುವೆಯಾದ ಮೇಲೆ ಕೆಲಸ ಬಿಡುತ್ತೀರಾ ಎಂದು ನಾಲ್ಕು ಪ್ರಶ್ನೆ ಕೇಳಿದರು. ಆ ಕೆಲಸ ನನಗೆ ಸಿಗಲಿಲ್ಲ.

ಸರಿದೂಗಿಸಬೇಕು ಅಂದರೆ ಒಂದು ತಕ್ಕಡಿ ಇರಬೇಕು. ಒಂದು ತಟ್ಟೆಯಲ್ಲಿ ಉದ್ಯೋಗ, ಇನ್ನೊಂದರಲ್ಲಿ ಸಂಸಾರ. ಹೆಣ್ಣು ಎರಡು ತಟ್ಟೆಗೂ ದುಡಿಮೆ ಹಾಕುತ್ತಲೇ ಇದ್ದಾಳೆ. ಆದರೆ ತಕ್ಕಡಿ ಯಾರ ಕೈಯಲ್ಲಿದೆ? ಅವಳ ಹೊತ್ತು ಯಾರ ವಶದಲ್ಲಿದೆ, ಅವಳ ದುಡ್ಡು ಯಾರ ವಶದಲ್ಲಿದೆ, ಯಾರ ಭಯದಲ್ಲಿ ಅವಳು ಬದುಕುತ್ತಿದ್ದಾಳೆ? ಇದನ್ನು ಕೇಳದೆ ಸರಿದೂಗಿಸುವ ಉಪಾಯ ಹೇಳಿಕೊಟ್ಟರೆ ಅದು ಹೆಣ್ಣಿನ ಬೆನ್ನಿಗೆ ಇನ್ನೊಂದು ಮೂಟೆ ಹೊರಿಸಿದಂತೆ.

ಮೊದಲು 'ಉದ್ಯೋಗ' ಎಂಬ ಮಾತನ್ನೇ ಸ್ವಲ್ಪ ನೋಡೋಣ. 'ಉದ್ಯೋಗಂ ಪುರುಷ ಲಕ್ಷಣಂ' ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಾಗೆ ಹೇಳುವಾಗ ಅವರ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದವರು ಹೆಂಗಸರು, ಕಳೆ ಕೀಳುತ್ತಿದ್ದವರು ಹೆಂಗಸರು, ಹಟ್ಟಿಯಲ್ಲಿ ಸಗಣಿ ಬಾಚುತ್ತಿದ್ದವರೂ ಹೆಂಗಸರೇ. ಬೀಡಿ ಕಟ್ಟುವವರು, ಊದುಬತ್ತಿ ಹೊಸೆಯುವವರು, ಹೊಲಿಗೆ ಯಂತ್ರ ತುಳಿಯುವವರು, ಸೊಪ್ಪಿನ ಬುಟ್ಟಿ ಹೊತ್ತು ಬೀದಿ ಸುತ್ತುವವರು, ಅಂಗನವಾಡಿ ನಡೆಸುವವರು, ಗಾರ್ಮೆಂಟ್ಸ್‌ಗೆ ಹೋಗುವವರು ಈ ಸಭೆಯಲ್ಲೇ ಇದ್ದೀರಿ. 'ನೀವು ಏನು ಕೆಲಸ ಮಾಡುತ್ತೀರಿ' ಎಂದು ಕೇಳಿದರೆ ನಿಮ್ಮಲ್ಲಿ ಅರ್ಧ ಜನ 'ಏನಿಲ್ಲ ಮೇಡಂ, ಮನೇಲೇ ಇದ್ದೀನಿ' ಅನ್ನುತ್ತೀರಿ. ಎರಡು ಹಸು ಕಟ್ಟಿಕೊಂಡು ದಿನಾ ಡೇರಿಗೆ ಹಾಲು ಹಾಕುವ ಹೆಣ್ಣುಮಗಳೂ ಹಾಗೇ ಅನ್ನುತ್ತಾಳೆ. ಮೊದಲು ಈ ಮಾತನ್ನು ಬಿಡೋಣ. ನಾವೆಲ್ಲ ಉದ್ಯೋಗಸ್ಥರೇ. ಕೆಲವರಿಗೆ ಸಂಬಳದ ಚೀಟಿ ಇದೆ, ಕೆಲವರಿಗೆ ಇಲ್ಲ, ಅಷ್ಟೇ.

ಈಗ ಹೊತ್ತಿನ ಲೆಕ್ಕ. ಕೇಂದ್ರ ಸರ್ಕಾರದ ಅಂಕಿಅಂಶ ಇಲಾಖೆ 2019ರಲ್ಲಿ ಮತ್ತು 2024ರಲ್ಲಿ, ನಮ್ಮ ಜನ ದಿನದ ಇಪ್ಪತ್ತನಾಲ್ಕು ಗಂಟೆಯನ್ನು ಹೇಗೆ ಕಳೆಯುತ್ತಾರೆ ಎಂದು ದೇಶದಾದ್ಯಂತ ಸಮೀಕ್ಷೆ ಮಾಡಿತು. 2024ರ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಣ್ಣು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾಳೆ. ಗಂಡು ಕೊಡುವುದು 88 ನಿಮಿಷ. ಇನ್ನೊಂದು ವಿಷಯ ಗಮನಿಸಿ. ಆ 88 ನಿಮಿಷ ಎಲ್ಲ ಗಂಡಸರ ಸರಾಸರಿಯಲ್ಲ. ಮನೆಗೆಲಸಕ್ಕೆ ಒಂದಿಷ್ಟಾದರೂ ಕೈ ಹಾಕಿದ ಗಂಡಸರದ್ದು ಮಾತ್ರ. ಕೈಯನ್ನೇ ಹಾಕದವರು ಆ ಲೆಕ್ಕದಲ್ಲೇ ಇಲ್ಲ.

ಎರಡಕ್ಕೂ ಇರುವ ವ್ಯತ್ಯಾಸ ದಿನಕ್ಕೆ 201 ನಿಮಿಷ, ಅಂದರೆ ಮೂರು ಗಂಟೆ ಇಪ್ಪತ್ತೊಂದು ನಿಮಿಷ. ಸಂಘದ ಲೆಕ್ಕ ಬರೆಯುವವರು ನೀವು, ಗುಣಿಸಿ ನೋಡಿ. ಮೂವತ್ತು ದಿನಕ್ಕೆ ನೂರು ಗಂಟೆ. ಎಂಟು ಗಂಟೆಗೆ ಒಂದು ಆಳು ಎಂದರೆ ತಿಂಗಳಿಗೆ ಹನ್ನೆರಡೂವರೆ ಆಳಿನ ಕೆಲಸವನ್ನು ಹೆಣ್ಣು ಕೂಲಿಯಿಲ್ಲದೆ ಹೆಚ್ಚಾಗಿ ಮಾಡುತ್ತಾಳೆ. ಇಷ್ಟರ ಮೇಲೆ ಅವಳು ಹೊರಗೆ ದುಡಿಯುವುದು. ಗಂಡ ಕೆಲಸದಿಂದ ಬಂದು 'ಸುಸ್ತಾಗಿದೆ, ಕಾಫಿ ಕೊಡು' ಅನ್ನುತ್ತಾನೆ. ಅದೇ ಹೊತ್ತಿಗೆ ಕೆಲಸದಿಂದ ಬಂದ ಹೆಂಡತಿ ಸೀರೆ ಸೆರಗು ಸಿಕ್ಕಿಸಿಕೊಂಡು ಕಾಫಿ ಬೆರೆಸುತ್ತಾಳೆ. ಸುಸ್ತಿಗೂ ಗಂಡು ಹೆಣ್ಣು ಎಂಬ ಭೇದ ಇದೆಯೇ?

ಇಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ನಾನು ಕಾಲೇಜಿಗೆ ಹೋಗಿ ಪಾಠ ಮಾಡಲು ಸಾಧ್ಯವಾದದ್ದು ನಮ್ಮ ಅತ್ತೆಯವರಿಂದ. ಮಕ್ಕಳಿಗೆ ಎಣ್ಣೆ ನೀರು ಹಾಕಿದವರು, ಜ್ವರ ಬಂದಾಗ ರಾತ್ರಿ ಎತ್ತಿಕೊಂಡು ಕೂತವರು ಅವರು. ನನಗೆ ಸಂಬಳ ಇತ್ತು, ಬೇಸಿಗೆ ರಜೆ ಇತ್ತು, ಈಗ ಪಿಂಚಣಿ ಇದೆ. ಅವರಿಗೆ ಇದ್ಯಾವುದೂ ಇರಲಿಲ್ಲ. ಮನೆಗೆಲಸಕ್ಕೆ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಅವಳು ನಮ್ಮ ಮನೆಯ ಪಾತ್ರೆ ತೊಳೆಯುವಾಗ ಅವಳ ಕೂಸನ್ನು ನೋಡಿಕೊಳ್ಳುತ್ತಿದ್ದದ್ದು ಅವಳ ಎಂಟು ವರ್ಷದ ಹಿರಿಮಗಳು. ಆ ಹುಡುಗಿ ಶಾಲೆ ಬಿಟ್ಟಿತ್ತು. ನಮ್ಮ ಕಡೆಯಿಂದ ಮಾತಾಡಿ, ಕೂಸನ್ನು ಅಂಗನವಾಡಿಗೆ ಸೇರಿಸಿ, ಅವಳನ್ನು ಮತ್ತೆ ಶಾಲೆಗೆ ಕಳಿಸಿದೆವು. ಒಬ್ಬ ಹೆಣ್ಣು ಹೊಸ್ತಿಲು ದಾಟಿದರೆ ಆ ಜಾಗಕ್ಕೆ ಇನ್ನೊಬ್ಬ ಹೆಣ್ಣನ್ನು ನಿಲ್ಲಿಸುತ್ತಾರೆ. ಅತ್ತೆ, ತಾಯಿ, ಕೆಲಸದಾಕೆ, ಶಾಲೆ ಬಿಡಿಸಿದ ಮಗಳು. ಗಂಡಸು ನಿಂತ ಜಾಗದಲ್ಲೇ ನಿಂತಿರುತ್ತಾನೆ. ಅದಕ್ಕೇ ಮನೆಗೆಲಸದ ಪಾಲು ಕೇಳುವುದು ಅತ್ತೆ ಸೊಸೆಯರ ಜಗಳವಾಗಬಾರದು. ಅದು ಗಂಡನ ಹತ್ತಿರ, ಬೆಳೆದ ಮಗನ ಹತ್ತಿರ ಕೇಳಬೇಕಾದ ಪಾಲು.

'ತಾಯಿ ಕೆಲಸಕ್ಕೆ ಹೋದರೆ ಮಕ್ಕಳು ಕೆಡುತ್ತವೆ' ಎಂದು ಹೆದರಿಸುವವರಿಗೂ ಒಂದು ಉತ್ತರ ಇದೆ. ಮಕ್ಕಳನ್ನು ನೋಡಿಕೊಳ್ಳುವುದು ತಾಯಿಯೊಬ್ಬಳ ಕೆಲಸವಲ್ಲ, ಸಮಾಜದ್ದು ಸರ್ಕಾರದ್ದು ಕೂಡ ಎಂದು ಚಳವಳಿ ಮೊದಲಿನಿಂದಲೂ ಕೇಳುತ್ತಾ ಬಂದಿದೆ. 1975ರಲ್ಲಿ ಅಂಗನವಾಡಿ ಯೋಜನೆ ಬಂತು. ಹೆರಿಗೆ ಸೌಲಭ್ಯದ ಕಾಯಿದೆ ಬಂದದ್ದು 1961ರಲ್ಲಿ. 2017ರ ತಿದ್ದುಪಡಿ ಹನ್ನೆರಡು ವಾರದ ರಜೆಯನ್ನು ಇಪ್ಪತ್ತಾರು ವಾರಕ್ಕೆ ಏರಿಸಿತು, ಐವತ್ತು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಶಿಶುಪಾಲನಾ ಕೇಂದ್ರ ಬೇಕು ಎಂದಿತು. ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆದರು. ಆದರೆ ಹೊಲದ ಕೂಲಿಗೆ ಹೋಗುವವಳಿಗೆ, ಮನೆಗೆಲಸಕ್ಕೆ ಹೋಗುವವಳಿಗೆ ಸಂಬಳ ಸಹಿತ ಹೆರಿಗೆ ರಜೆ ಎಲ್ಲಿದೆ? ನಿಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ ಬಾಗಿಲು ತೆರೆದಿದೆಯೇ, ಅಂಗನವಾಡಿ ಎಷ್ಟು ಗಂಟೆಗೆ ಮುಚ್ಚುತ್ತದೆ, ಗ್ರಾಮಸಭೆಯಲ್ಲಿ ಎದ್ದು ಕೇಳಿ. ಅದು ನಿಮ್ಮ ಉದ್ಯೋಗದ ಪ್ರಶ್ನೆ.

ಇನ್ನು ದುಡ್ಡಿನ ಮಾತು. ಈ ಪತ್ರಿಕೆಯ ಓದುಗರಿಗೆ ಇದೇ ಮುಖ್ಯವಾದದ್ದು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದನೇ ತಾರೀಖು ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿ ಸಂಬಳ ಎಣಿಸಿಕೊಳ್ಳುತ್ತಿದ್ದೆವು. ನನ್ನ ಸಹೋದ್ಯೋಗಿ ಒಬ್ಬರಿದ್ದರು. ಅವತ್ತು ಸಂಜೆ ತಪ್ಪದೆ ಅವರ ಯಜಮಾನರು ಕಾಲೇಜಿನ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. 'ಎಷ್ಟು ಪ್ರೀತಿ ನೋಡಿ, ಕರೆದುಕೊಂಡು ಹೋಗಲು ಬಂದಿದ್ದಾರೆ' ಎಂದು ನಾವು ಹೊಸಬರು ತಮಾಷೆ ಮಾಡಿದ್ದೂ ಉಂಟು. ಮಿಕ್ಕ ಇಪ್ಪತ್ತೊಂಬತ್ತು ದಿನ ಆಕೆ ಬಸ್ಸಿನಲ್ಲೇ ಹೋಗುತ್ತಿದ್ದರು. ಆಮೇಲೆ ಒಂದು ದಿನ ಆಕೆಯೇ ಹೇಳಿದರು: 'ಕವರು ಹಾಗೇ ಅವರ ಕೈಗೆ ಹೋಗುತ್ತೆ. ದಿನಾ ಬೆಳಿಗ್ಗೆ ಬಸ್ ಚಾರ್ಜು ಎಣಿಸಿ ಕೊಡ್ತಾರೆ. ತವರಿಗೆ ಹೋಗಿ ಅಮ್ಮನಿಗೆ ಒಂದು ಸೀರೆ ಕೊಡಬೇಕೆಂದರೂ ಕೇಳಬೇಕು, ಕೇಳಿದರೆ ಮೂರು ದಿನ ಮಾತು ಬಿಡ್ತಾರೆ.' ಎಂ.ಎ. ಮಾಡಿ, ನೂರಾರು ಮಕ್ಕಳಿಗೆ ಪಾಠ ಹೇಳುವ ಹೆಣ್ಣು ದಿನಾ ಬೆಳಿಗ್ಗೆ ಬಸ್ ಚಾರ್ಜಿಗೆ ಕೈಯೊಡ್ಡುತ್ತಿದ್ದಳು.

ಆ ಮದುವೆಯಲ್ಲಿ ವರದಕ್ಷಿಣೆ ಕೊಟ್ಟಿರಲಿಲ್ಲವೇ? ಕೊಟ್ಟಿದ್ದರು. ಸೈಟಿಗೆ ದುಡ್ಡು, ಚಿನ್ನ, ಆ ಸ್ಕೂಟರ್ ಕೂಡ ಅವಳ ಅಪ್ಪ ಕೊಡಿಸಿದ್ದೇ. ಹುಡುಗಿ ಓದಿ ಕೆಲಸಕ್ಕೆ ಸೇರಿದರೆ ವರದಕ್ಷಿಣೆ ತಾನಾಗಿ ನಿಂತುಹೋಗುತ್ತದೆ ಎಂದು ನಮ್ಮ ತಲೆಮಾರು ನಂಬಿತ್ತು. ಆದದ್ದು ಬೇರೆ. ಪತ್ರಿಕೆಗಳ ವಧೂವರರ ಅಂಕಣದಲ್ಲಿ 'ಉದ್ಯೋಗಸ್ಥ ವಧು ಬೇಕು' ಎಂದು ಬರತೊಡಗಿತು. ವರದಕ್ಷಿಣೆ ಮದುವೆಯ ದಿನ ಒಟ್ಟಿಗೆ ಬರುವ ಗಂಟು, ಸಂಬಳ ತಿಂಗಳು ತಿಂಗಳು ಬರುವ ಕಂತು. ಎರಡೂ ಬೇಕಾಯಿತು. ಈಗ ಕವರಿನ ಜಾಗಕ್ಕೆ ಎಟಿಎಂ ಕಾರ್ಡು ಬಂದಿದೆ. ಖಾತೆ ಅವಳ ಹೆಸರಲ್ಲಿ, ಕಾರ್ಡು ಅವನ ಜೇಬಿನಲ್ಲಿ, ಬ್ಯಾಂಕಿನ ಸಂದೇಶ ಬರುವುದು ಅವನ ಮೊಬೈಲಿಗೆ.

ಗಂಡ ಹೆಂಡತಿ ಇಬ್ಬರ ಗಳಿಕೆಯೂ ಸಂಸಾರಕ್ಕೆ ಸೇರಿದರೆ ತಪ್ಪೇನು ಎಂದು ನೀವು ಕೇಳಬಹುದು. ಏನೂ ತಪ್ಪಿಲ್ಲ. ಕನ್ನಡ ಪಾಠ ಹೇಳಿದವಳು ನಾನು, ಹನ್ನೆರಡನೆಯ ಶತಮಾನದ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯುತ್ತೇನೆ. ಅವಳ ಗಂಡ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟು ನಮಗೆ ಬೇಡ, ತಂದಲ್ಲೇ ಸುರಿದು ಬಾ ಎಂದು ಲಕ್ಕಮ್ಮ ತಿರುಗಿ ಕಳಿಸಿದಳು ಎಂಬ ಕತೆ ನಿಮಗೂ ಗೊತ್ತು. ಆಸೆ ಬೇಡ ಎಂಬ ನೀತಿಗಾಗಿ ಈ ಕತೆಯನ್ನು ಹೇಳುತ್ತಾರೆ. ನನಗೆ ಕಾಣುವುದು ಇನ್ನೊಂದು. ಮನೆಗೆ ಎಷ್ಟು ಬಂತು, ಅದು ಸರಿಯೇ, ಅದನ್ನು ಏನು ಮಾಡಬೇಕು ಎಂದು ಹೆಂಡತಿ ಹೇಳಿದಳು, ಗಂಡ ಕೇಳಿದ. ಎಂಟುನೂರು ವರ್ಷದ ಹಿಂದೆ ಚೆಲ್ಲಿದ ಅಕ್ಕಿ ಆಯುತ್ತಿದ್ದ ಬಡವರ ಮನೆಯಲ್ಲಿ ಇದ್ದ ಮಾತಿನ ಹಕ್ಕು, ಇವತ್ತು ಸಂಬಳ ತರುವ ಹೆಣ್ಣಿಗೆ ಇದೆಯೇ? ಒಟ್ಟಿಗೆ ಹಾಕುವುದು ಬೇರೆ, ಕಿತ್ತುಕೊಳ್ಳುವುದು ಬೇರೆ. ಅವನ ಸಂಬಳ ಎಷ್ಟು, ಸಾಲ ಎಷ್ಟು ಎಂದು ಕೇಳುವ ಹಕ್ಕು ನಿಮಗಿದ್ದರೆ ಅದು ಒಟ್ಟಿಗೆ ಹಾಕಿದ್ದು. ಇಲ್ಲದಿದ್ದರೆ ಕಿತ್ತುಕೊಂಡದ್ದು.

ಇದನ್ನು ಕಾನೂನೂ ಒಪ್ಪಿದೆ. ನಾನು ಕೆಲಸಕ್ಕೆ ಸೇರಿದ 1983ರಲ್ಲೇ ಭಾರತ ದಂಡ ಸಂಹಿತೆಗೆ 498ಎ ಕಲಮು ಸೇರಿತು. 1986ರಲ್ಲಿ ವರದಕ್ಷಿಣೆ ಸಾವಿನ ಕಲಮು 304ಬಿ ಬಂತು. ವರದಕ್ಷಿಣೆಗಾಗಿ ಸುಟ್ಟುಹೋದ ಹೆಣ್ಣುಮಕ್ಕಳ ಹೆಸರಿನಲ್ಲಿ ದೇಶದ ಬೀದಿಗಳಲ್ಲಿ ಹೆಂಗಸರು ನಡೆಸಿದ ಹೋರಾಟದ ಫಲ ಇವು. 2024ರ ಜುಲೈ 1ರಿಂದ ಹೊಸ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ಗಂಡ ಮತ್ತು ಅವನ ಕಡೆಯವರ ಕ್ರೌರ್ಯಕ್ಕೆ 85 ಮತ್ತು 86ನೇ ಕಲಮು, ವರದಕ್ಷಿಣೆ ಸಾವಿಗೆ 80ನೇ ಕಲಮು. ಸಂಖ್ಯೆ ಬದಲಾಗಿದೆ, ಅಪರಾಧ ಅಪರಾಧವಾಗಿಯೇ ಇದೆ.

ಆದರೆ ನಮ್ಮ ಇವತ್ತಿನ ವಿಷಯಕ್ಕೆ ತೀರ ಹತ್ತಿರವಾದದ್ದು 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯಿದೆ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಹೊಡೆಯುವುದು ಮಾತ್ರ ದೌರ್ಜನ್ಯವಲ್ಲ, ಲೈಂಗಿಕ ಹಿಂಸೆ, ಮಾತಿನ ಹಿಂಸೆ, ಆರ್ಥಿಕ ಹಿಂಸೆ ಕೂಡ ದೌರ್ಜನ್ಯ ಎಂದು ಈ ಕಾಯಿದೆ ಹೇಳುತ್ತದೆ. ಇದರ ನಿಯಮಗಳ ಜೊತೆ ಒಂದು ನಮೂನೆ ಇದೆ, ಕೌಟುಂಬಿಕ ಘಟನಾ ವರದಿ ಎಂದು ಅದರ ಹೆಸರು. ಅದರಲ್ಲಿ ಆರ್ಥಿಕ ಹಿಂಸೆ ಎಂಬ ಭಾಗದಲ್ಲಿ ಏನೇನಿದೆ ಗೊತ್ತೇ? ಕೆಲಸಕ್ಕೆ ಸೇರಲು ಬಿಡದಿರುವುದು. ಮಾಡುತ್ತಿರುವ ಕೆಲಸ ನಿಲ್ಲಿಸುವುದು, ಅದಕ್ಕೆ ಅಡ್ಡಿ ಮಾಡುವುದು. ಸಂಬಳ, ಕೂಲಿಯನ್ನು ಕಿತ್ತುಕೊಳ್ಳುವುದು. ಅದನ್ನು ಅವಳು ಖರ್ಚು ಮಾಡಲು ಬಿಡದಿರುವುದು. ಸಂಸಾರದ ಗುಟ್ಟು ಎಂದು ನಾವು ಮುಚ್ಚಿಟ್ಟುಕೊಂಡು ಬಂದದ್ದನ್ನೆಲ್ಲ ಸರ್ಕಾರಿ ನಮೂನೆಯಲ್ಲಿ ಒಂದೊಂದಾಗಿ ಅಚ್ಚು ಹಾಕಿದ್ದಾರೆ. ಗಂಡ ನಿಮ್ಮ ಕೆಲಸದ ಜಾಗಕ್ಕೆ ಬಂದು ರಂಪ ಮಾಡುತ್ತಿದ್ದರೆ ಅಲ್ಲಿಗೆ ಬಾರದಂತೆ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ಮನೆ ಯಾರ ಹೆಸರಲ್ಲೇ ಇರಲಿ, ನೀವು ಸಂಸಾರ ಮಾಡುತ್ತಿರುವ ಮನೆಯಿಂದ ನಿಮ್ಮನ್ನು ಕಾನೂನಿನ ಕ್ರಮವಿಲ್ಲದೆ ಹೊರಗೆ ಹಾಕುವಂತಿಲ್ಲ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ಅಂದರೆ ನೀವು ಸಿಡಿಪಿಒ ಎಂದು ಕರೆಯುವವರೇ, ಈ ಕಾಯಿದೆಯ ರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯರಿಗೆ ಆ ಕಚೇರಿಯ ದಾರಿ ಗೊತ್ತಿದೆ.

ಈಗ ನಿಮ್ಮ ಸಂಘಕ್ಕೆ ಬರುತ್ತೇನೆ. ಸ್ವಸಹಾಯ ಗುಂಪುಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಪ್ರಯೋಗವನ್ನು ನಬಾರ್ಡ್ ಆರಂಭಿಸಿದ್ದು 1992ರಲ್ಲಿ. ನಮ್ಮಲ್ಲಿ ಸ್ತ್ರೀಶಕ್ತಿ ಯೋಜನೆ ಬಂದದ್ದು 2000-01ರಲ್ಲಿ. ಹಿತ್ತಲಲ್ಲಿ ಅಕ್ಕಿ ಡಬ್ಬದೊಳಗೆ ಐದು ಹತ್ತು ಬಚ್ಚಿಡುತ್ತಿದ್ದ ಹೆಣ್ಣು ಬ್ಯಾಂಕಿನ ಮೆಟ್ಟಿಲು ಹತ್ತಿ ಮ್ಯಾನೇಜರ ಎದುರು ಕೂತಳು. ಇದು ಸಣ್ಣ ಸಂಗತಿಯಲ್ಲ. ಆದರೆ ಬೇರೆ ಬೇರೆ ಊರುಗಳ ಸಂಘಗಳಲ್ಲಿ ಕೂತು ಕೇಳಿದ ಮಾತೊಂದನ್ನು ನಿಮ್ಮ ಮುಂದೆ ಇಡಲೇಬೇಕು. ಮೊದಲು ಗಂಡ 'ತವರಿಂದ ತಗೊಂಡು ಬಾ' ಅನ್ನುತ್ತಿದ್ದ. ಈಗ 'ಸಂಘದಿಂದ ತಗೊಂಡು ಬಾ' ಅನ್ನುತ್ತಾನೆ.

ಅರ್ಜಿಯಲ್ಲಿ 'ಹಸು ಕೊಳ್ಳಲು' ಎಂದು ಬರೆದಿರುತ್ತದೆ. ದುಡ್ಡು ಬಂದ ಸಂಜೆಯೇ ಅದು ಅವನ ಕೈಗೆ ಹೋಗುತ್ತದೆ. ಬೈಕಿಗೋ, ಹಳೆಯ ಕೈಸಾಲಕ್ಕೋ, ಇಸ್ಪೀಟಿಗೋ, ನಾದಿನಿಯ ಮದುವೆಯ ವರದಕ್ಷಿಣೆಗೋ ಆಗುತ್ತದೆ. ಹೌದು, ಸಂಘದ ಸಾಲ ಇನ್ನೊಬ್ಬ ಹೆಣ್ಣಿನ ವರದಕ್ಷಿಣೆಯಾಗುತ್ತಿದೆ. ಕಂತು ಕಟ್ಟುವವಳು ಮಾತ್ರ ಇವಳು. ಅದಕ್ಕಾಗಿ ಇನ್ನೆರಡು ಮನೆಯ ಪಾತ್ರೆ ತೊಳೆಯುತ್ತಾಳೆ, ರಾತ್ರಿ ಹನ್ನೊಂದರವರೆಗೆ ಬ್ಲೌಸ್ ಹೊಲಿಯುತ್ತಾಳೆ. ಜನ 'ಎಷ್ಟು ಗಟ್ಟಿಗಿತ್ತಿ, ಮನೆ ಉದ್ಯೋಗ ಎರಡನ್ನೂ ನಿಭಾಯಿಸ್ತಾಳೆ' ಅನ್ನುತ್ತಾರೆ. ಅವಳು ನಿಭಾಯಿಸುತ್ತಿರುವುದು ಉದ್ಯೋಗವನ್ನಲ್ಲ, ಗಂಡನ ಸಾಲವನ್ನು. ಎರಡನೇ ಸಾಲ ತರಲು ಒಪ್ಪದಿದ್ದಾಗ ಹೊಡೆತ. ತಂದರೂ ಕಂತು ತಪ್ಪಿದಾಗ ಸಂಘದವರೇ ಹತ್ತು ಜನ ಹೋಗಿ ಅವಳ ಬಾಗಿಲಲ್ಲಿ ಕೂರುತ್ತೀರಿ. ಒಳಗೆ ಗಂಡ, ಹೊರಗೆ ಸಂಘ, ನಡುವೆ ಅವಳು. ಮೈಕ್ರೋಫೈನಾನ್ಸ್ ಕಂಪನಿಗಳ ವಸೂಲಿಯ ಕಿರುಕುಳ ಮಿತಿಮೀರಿ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಂಪನಿಯವರು ಮಾಡಿದರೆ ಕಿರುಕುಳವಾದದ್ದು ನಾವು ಮಾಡಿದರೆ ಶಿಸ್ತಾಗುತ್ತದೆಯೇ?

ಸಾಲ ತೀರಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಸಂಘದ ದುಡ್ಡು ಎಲ್ಲರ ಬೆವರಿನ ದುಡ್ಡು. ಆದರೆ ಸಾಲ ಕೊಡುವ ಮುಂಚೆ ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು, ಗಂಡ, ಮಾವ ಯಾರೂ ಇಲ್ಲದಾಗ, 'ಇದು ಯಾರಿಗೆ ಬೇಕಾಗಿದೆ, ನಿನಗೆ ನಿಜವಾಗಿ ಇಷ್ಟವಿದೆಯೇ' ಎಂದು ಕೇಳಿ. ಇಷ್ಟವಿಲ್ಲ ಎಂದರೆ ಅರ್ಜಿಯನ್ನು ಸಂಘವೇ ತಿರಸ್ಕರಿಸಲಿ. 'ಸಂಘದವರು ಒಪ್ಪಲಿಲ್ಲ' ಎಂಬ ಮಾತು ಅವಳಿಗೆ ಗುರಾಣಿಯಾಗುತ್ತದೆ. ಹಸುವಿಗೆ ಎಂದು ಕೊಟ್ಟರೆ ಹದಿನೈದು ದಿನ ಬಿಟ್ಟು ಹೋಗಿ ಹಸು ನೋಡಿ ಬನ್ನಿ. ಒಬ್ಬಳು ಎರಡು ಕಂತು ತಪ್ಪಿಸಿದರೆ, ಮೂರು ಸಭೆಗೆ ಬಾರದಿದ್ದರೆ, ದಂಡ ಹಾಕುವ ಮುಂಚೆ ಇಬ್ಬರು ಹೋಗಿ 'ಮನೆಯಲ್ಲಿ ಏನಾಗಿದೆ ಅಕ್ಕ' ಎಂದು ಕೇಳಿ. ಸೆರಗು ಹೊದ್ದು ಕೂತವಳ ತೋಳನ್ನು ನೋಡಿ.

ಉದ್ಯೋಗವಿದ್ದರೆ ಹಿಂಸೆ ಇರುವುದಿಲ್ಲ ಎಂಬ ಮಾತೂ ಸುಳ್ಳು. ಕೆಲಸವಿದ್ದ ಹೆಣ್ಣುಮಕ್ಕಳೂ ಸತ್ತಿದ್ದಾರೆ. ಆಗ ಊರಿನವರು 'ಕೈತುಂಬ ಸಂಬಳ ಇತ್ತಲ್ಲ, ಬಿಟ್ಟು ಬರಬಾರದಿತ್ತೇ' ಅನ್ನುತ್ತಾರೆ. ಬದುಕಿದ್ದಾಗ ಬಿಟ್ಟು ಬಂದಿದ್ದರೆ 'ಸಂಬಳದ ಕೊಬ್ಬು' ಅನ್ನುತ್ತಿದ್ದವರೂ ಇವರೇ. ಹೆಣ್ಣು ಹೊರಗೆ ಕಾಲಿಟ್ಟ ಕೂಡಲೇ ಕೆಲವು ಮನೆಗಳಲ್ಲಿ ಹಿಂಸೆ ಹೆಚ್ಚುತ್ತದೆ. ಬಸ್ಸು ತಡವಾದರೆ ಅನುಮಾನ, ಮೇಸ್ತ್ರಿಯ ಜೊತೆ ಮಾತಾಡಿದರೆ ಅನುಮಾನ, ಫೋನ್ ಬಂದರೆ ಅನುಮಾನ. ಅನುಮಾನದ ಹೊಡೆತ ಕೆಲಸ ಬಿಡಿಸುವ ಹೊಡೆತ. ಅವಳು ಬಿಟ್ಟ ಮೇಲೆ 'ನಾನು ತಂದು ಹಾಕಿದ್ದನ್ನು ತಿನ್ನುವವಳು' ಎಂದು ಇನ್ನೊಂದು ಹೊಡೆತ.

ನನ್ನ ವಿದ್ಯಾರ್ಥಿನಿ ಒಬ್ಬಳು ಮದುವೆಯಾಗಿ ನಾಲ್ಕು ವರ್ಷದ ಮೇಲೆ ಕಾಲೇಜಿಗೆ ಬಂದಳು. ಪದವಿಯಲ್ಲಿ ಪ್ರಥಮ ದರ್ಜೆ ಪಡೆದಿದ್ದ ಹುಡುಗಿ. 'ಮೇಡಂ, ನನ್ನ ಅಂಕಪಟ್ಟಿಯ ಇನ್ನೊಂದು ಪ್ರತಿ ಸಿಗುತ್ತಾ' ಎಂದು ಕೇಳಿದಳು. ಮೂಲ ಪ್ರತಿಗಳು ಕಳೆದುಹೋದವೇ ಎಂದೆ. ಇಲ್ಲ, ಅತ್ತೆಯ ಬೀರುವಿನಲ್ಲಿವೆ, ಬೀಗದ ಕೈ ಅವರ ಸೊಂಟದಲ್ಲಿದೆ ಎಂದಳು. ಅವಳ ಚಿನ್ನವೂ ಅದೇ ಬೀರುವಿನಲ್ಲಿತ್ತು. ಚಿನ್ನ ಕೇಳಲು ಅವಳು ಬಂದಿರಲಿಲ್ಲ, ಓದಿದ್ದಕ್ಕೆ ಸಾಕ್ಷಿ ಕೇಳಲು ಬಂದಿದ್ದಳು. ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿಸಿದೆವು, ನಕಲು ಪ್ರತಿ ಬಂತು. ಬಿ.ಎಡ್. ಮಾಡಿದಳು, ಈಗ ಶಿಕ್ಷಕಿಯಾಗಿದ್ದಾಳೆ. ನಿಮ್ಮ ಹೆಣ್ಣುಮಕ್ಕಳಿಗೆ ಮದುವೆ ಮಾಡುವಾಗ ಅಂಕಪಟ್ಟಿ, ಆಧಾರ್, ಪಾಸ್‌ಬುಕ್ ಇವುಗಳ ಒಂದೊಂದು ಪ್ರತಿ ತವರಿನಲ್ಲಿ ಇಟ್ಟುಕೊಳ್ಳಿ.

ಆ ಬೀರುವಿನಲ್ಲಿದ್ದ ಚಿನ್ನದ ಮಾತನ್ನೂ ಹೇಳಿಬಿಡುತ್ತೇನೆ. ಮದುವೆಯಲ್ಲಿ ಹೆಣ್ಣಿಗೆ ಕೊಟ್ಟ ಒಡವೆ, ಉಡುಗೊರೆ ಅವಳ ಸ್ತ್ರೀಧನ. ಗಂಡನ ಮನೆಯವರು ಅದನ್ನು ಇಟ್ಟುಕೊಂಡಿದ್ದರೂ ಅದು ಅವರದ್ದಾಗುವುದಿಲ್ಲ, ಅವಳೇ ಅದರ ಪೂರ್ಣ ಒಡತಿ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿತು. ಅದೇ ವರ್ಷದ ನಿಯಮಗಳ ಪ್ರಕಾರ ಮದುವೆಯ ಉಡುಗೊರೆಗಳ ಪಟ್ಟಿ ಮಾಡಿ ಸಹಿ ಹಾಕಿಡಬೇಕು. ಆ ಪಟ್ಟಿ ಎಷ್ಟು ಮನೆಯಲ್ಲಿದೆ? ಮುಯ್ಯಿಯ ಪುಸ್ತಕ ಇಡುವ ನಾವು ಮಗಳ ಒಡವೆಯ ಪಟ್ಟಿ ಇಡುವುದಿಲ್ಲ.

ಆಸ್ತಿಯ ವಿಷಯವೂ ಹಾಗೆಯೇ. 1994ರಲ್ಲಿ ಕರ್ನಾಟಕ, ಅವತ್ತಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. 2005ರಲ್ಲಿ ಕೇಂದ್ರದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮದುವೆಯಾದವರಿಗೂ ಅದನ್ನು ಕೊಟ್ಟಿತು. 'ವರದಕ್ಷಿಣೆ ಕೊಟ್ಟಿದ್ದೇವಲ್ಲ, ಪಾಲು ಯಾಕೆ' ಎಂದು ಅಣ್ಣತಮ್ಮಂದಿರು ಕೇಳುತ್ತಾರೆ. ವರದಕ್ಷಿಣೆ ಹೋದದ್ದು ಅಳಿಯನ ಮನೆಗೆ, ಮಗಳ ಕೈಗಲ್ಲ. ಆ ದುಡ್ಡನ್ನು ಮಗಳ ಓದಿಗೆ, ಅವಳ ಹೆಸರಿನ ಗುಂಟೆ ಜಾಗಕ್ಕೆ ಹಾಕಿದ್ದರೆ ಅವಳು ಇವತ್ತು ಹೊಡೆತ ತಿಂದು ಎಲ್ಲಿಗೆ ಹೋಗಲಿ ಎಂದು ಅಳುವ ಹಾಗಿರಲಿಲ್ಲ.

ಗೆಳತಿಯರೇ, ಹೊತ್ತಾಯಿತು. ನಿಮ್ಮ ಮುಂದಿನ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಲಿ ಎಂದು ನಾಲ್ಕು ಮಾತು ಹೇಳಿ ಮುಗಿಸುತ್ತೇನೆ.

ಒಂದು, ನಿಮ್ಮ ದುಡಿಮೆಯ ದುಡ್ಡು ನಿಮ್ಮ ಹೆಸರಿನ ಖಾತೆಗೆ ಬರಲಿ, ಕಾರ್ಡು ನಿಮ್ಮ ಹತ್ತಿರ ಇರಲಿ, ಬ್ಯಾಂಕಿಗೆ ಕೊಟ್ಟ ಮೊಬೈಲ್ ನಂಬರ್ ನಿಮ್ಮದಾಗಿರಲಿ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ ಎರಡು ಸಾವಿರಕ್ಕೂ ಇದೇ ಮಾತು. ಖರ್ಚು ಇಬ್ಬರೂ ಕೂತು ಮಾತಾಡಿ ಮಾಡಿ. ಆದರೆ ಸಹಿ ನಿಮ್ಮದು.

ಎರಡು, ಮನೆಗೆಲಸದಲ್ಲಿ ಗಂಡನಿಗೆ, ಮಗನಿಗೆ ಪಾಲು ಕೊಡಿ. 'ಸಹಾಯ ಮಾಡು' ಎಂದು ಕೇಳಬೇಡಿ, ಸಹಾಯ ಅಂದರೆ ಕೆಲಸ ನಿಮ್ಮದೇ ಎಂದಾಯಿತು. ಇಂಥ ಕೆಲಸ ನಿನ್ನದು ಎಂದು ಹೇಳಿ. ಹತ್ತು ವರ್ಷದ ಹುಡುಗ ತಾನು ಉಂಡ ತಟ್ಟೆ ತೊಳೆಯಬಲ್ಲ, ಹದಿನಾಲ್ಕು ವರ್ಷದವನು ಅನ್ನಕ್ಕಿಡಬಲ್ಲ. ನಾಳೆ ಅವನ ಹೆಂಡತಿಯಾಗಿ ಬರುವ ಹೆಣ್ಣಿಗೆ ನೀವು ಕೊಡುವ ಉಡುಗೊರೆ ಅದು.

ಮೂರು, ಸಾಲದ ಅರ್ಜಿಯ ಜೊತೆ ಹಿಂಸೆಯ ವಿಷಯವೂ ಸಂಘದ ಸಭೆಯಲ್ಲಿ ಬರಲಿ. ತೊಂದರೆಯಲ್ಲಿರುವವಳು ಒಬ್ಬಳೇ ಠಾಣೆಗೆ ಹೋದರೆ ರಾಜಿ ಮಾಡಿ ಕಳಿಸುತ್ತಾರೆ. ಹತ್ತು ಜನ ಹೋದರೆ ದೂರು ಬರೆದುಕೊಳ್ಳುತ್ತಾರೆ. 181 ಮಹಿಳಾ ಸಹಾಯವಾಣಿ, 112 ತುರ್ತು ಕರೆ, ಈ ಎರಡು ಸಂಖ್ಯೆಗಳನ್ನು ಸಂಘದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. 1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ, ಆದಾಯ ಎಷ್ಟೇ ಇರಲಿ, ಹೆಣ್ಣಿಗೆ ವಕೀಲರ ನೆರವು ಉಚಿತ. ತಾಲ್ಲೂಕು ನ್ಯಾಯಾಲಯದಲ್ಲೇ ಕಾನೂನು ಸೇವಾ ಸಮಿತಿ ಇದೆ.

ನಾಲ್ಕು, ಹೊಡೆತ ತಿನ್ನುವವಳಿಗೆ 'ಸಹಿಸಿಕೋ, ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗು' ಎಂಬ ಬುದ್ಧಿಮಾತು ಈ ಸಭೆಯಲ್ಲಿರುವ ಯಾರ ಬಾಯಲ್ಲೂ ಇನ್ನು ಬರದಿರಲಿ. ಹೊಂದಿಕೊಂಡು ಹೋದವರ ಫೋಟೋಗಳನ್ನು ನಾವು ಮೆರವಣಿಗೆಗಳಲ್ಲಿ ಬೇಕಾದಷ್ಟು ಹೊತ್ತಿದ್ದೇವೆ.

ಉದ್ಯೋಗ, ಸಂಸಾರ ಎರಡೂ ನಮಗೆ ಬೇಕು. ಸಂಸಾರ ಬೇಡ ಎಂದು ಮಹಿಳಾ ಚಳವಳಿ ಹೇಳುವುದಿಲ್ಲ. ಹೆಣ್ಣಿನ ಹೊತ್ತನ್ನು ತಿಂದು, ದುಡ್ಡನ್ನು ಕಿತ್ತುಕೊಂಡು, ಭಯದ ಮೇಲೆ ನಿಂತ ಸಂಸಾರ ಬೇಡ ಎಂದು ಹೇಳುತ್ತದೆ. ಇನ್ನು ಮೇಲೆ ಯಾರಾದರೂ 'ಎರಡನ್ನೂ ಹೇಗೆ ಸರಿದೂಗಿಸ್ತೀಯಮ್ಮ' ಎಂದು ಕೇಳಿದರೆ, 'ನಾನೊಬ್ಬಳೇ ಯಾಕೆ ತೂಗಬೇಕು, ನೀವೂ ಒಂದು ಕೈ ಹಿಡಿಯಿರಿ' ಎಂದು ನಗುತ್ತಲೇ ಹೇಳಿ. ನಿಮ್ಮಲ್ಲಿ ಯಾರಿಗಾದರೂ ಈ ವಿಷಯದಲ್ಲಿ ಕೇಳುವುದಿದ್ದರೆ, ಎಲ್ಲರ ಎದುರು ಕೇಳಲು ಸಂಕೋಚವಿದ್ದರೆ, ಸಭೆ ಮುಗಿದ ಮೇಲೂ ನಾನು ಇಲ್ಲೇ ಇರುತ್ತೇನೆ.